ಕ್ರಾಸ್‌ವಿಂಡ್: ಅಡ್ಡಗಾಳಿಯೋ ಓರೆಗಾಳಿಯೋ?

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನ ಮಗ ಸೆಸ್ನಾ 172 ಅನ್ನುವ ಸಣ್ಣ ವಿಮಾನದಲ್ಲಿ ಹಾರಾಟ ಕಲಿಯುತ್ತಿದ್ದಾನೆ. ಹೋದ ತಿಂಗಳು ಇಳಿಯುವಾಗ ಪಕ್ಕದಿಂದ ಗಾಳಿ (ಅದೇ ಕ್ರಾಸ್‌ವಿಂಡ್) ಬಡಿದು ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗಿತಂತೆ. ಯಾರಿಗೂ ಪೆಟ್ಟಾಗಲಿಲ್ಲ. ಏನಾಯಿತು ಅಂತ ಅಮ್ಮನಿಗೆ ಬಿಡಿಸಿ ಹೇಳಲು ಕೂತರೆ ನನಗೆ ಪದಗಳೇ ಸಿಗಲಿಲ್ಲ. ಮೊಮ್ಮಗನ ವಿಷಯ, ಸುಮ್ನೆ 'ಗಾಳಿ ಜಾಸ್ತಿ ಇತ್ತು' ಅಂದರೆ ಅವರು ಬಿಡುವವರಲ್ಲ.

ಮೊದಲು ಅಡ್ಡಗಾಳಿ ಅಂದೆ. 'ಎದುರಿಂದ ತಡೀತಾ?' ಅಂತ ಕೇಳಿದರು. ತಪ್ಪು ಅವರದಲ್ಲ. ಅಡ್ಡರಸ್ತೆ ಅಂದಾಗ ಅಡ್ಡ ಅಂದರೆ ಪಕ್ಕದಿಂದ ಬಂದು ಸೇರುವುದು, ಆದರೆ ಅಡ್ಡ ಬಂದ, ಅಡ್ಡಗಟ್ಟಿದ ಅಂದಾಗ ಅದೇ ಪದ ತಡೆ ಆಗಿಬಿಡುತ್ತದೆ. ಇಲ್ಲಿ ಆ ಅರ್ಥ ಬಂದರೆ ಎಲ್ಲ ತಲೆಕೆಳಗು, ಯಾಕೆಂದರೆ ಇಳಿಯುವ ವಿಮಾನಕ್ಕೆ ಎದುರುಗಾಳಿ ಒಳ್ಳೆಯದು, ನೆಲದ ಮೇಲಿನ ವೇಗ ತಗ್ಗಿ ಬೇಗ ನಿಲ್ಲುತ್ತದೆ.

ಓರೆಗಾಳಿ ಅಂದರೆ ಹೇಗೆ? ಗಾಳಿ ರನ್‌ವೇಗೆ ಸರಿಯಾಗಿ ಪಕ್ಕದಿಂದಲೇ ಬೀಸುವುದು ಅಪರೂಪ, ಯಾವುದೋ ಒಂದು ಕೋನದಲ್ಲಿ ಬರುತ್ತದೆ ಅಲ್ವಾ. 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಗಾಳಿ ರನ್‌ವೇಗೆ 30 ಡಿಗ್ರಿ ಓರೆಯಾಗಿ ಬಂದರೆ ವಿಮಾನವನ್ನು ಪಕ್ಕಕ್ಕೆ ತಳ್ಳುವುದು 10 ನಾಟ್ ಮಾತ್ರ. 60 ಡಿಗ್ರಿ ಆದರೆ ಅದೇ ಗಾಳಿಯಲ್ಲಿ ಸುಮಾರು 17. ಹಾಗಾಗಿ ಬೀಸುವ ಗಾಳಿಗೆ ಓರೆಗಾಳಿ, ಅದರಲ್ಲಿ ಪಕ್ಕಕ್ಕೆ ತಳ್ಳುವ ಭಾಗಕ್ಕೆ ಅಡ್ಡಪಾಲು ಅಂತ ಎರಡು ಪದ ಬೇಕೇ ಬೇಕು ಅನ್ನುವುದು ನನ್ನ ವಾದ. ಹಲವು 172ಗಳ ಕೈಪಿಡಿಯಲ್ಲಿರುವ 15 ನಾಟ್ ಕೂಡ ಈ ಅಡ್ಡಪಾಲಿನ ಲೆಕ್ಕವೇ. ಅದು ಮಿತಿಯೂ ಅಲ್ಲ, ಪರೀಕ್ಷೆಯಲ್ಲಿ ಅಷ್ಟರವರೆಗೆ ಇಳಿಸಿ ತೋರಿಸಿದ್ದಾರೆ ಅಂತಷ್ಟೇ. ಕಲಿಯುವವನ ಕೈಗೆ ಅದಕ್ಕಿಂತ ಎಷ್ಟೋ ಕಡಿಮೆಯೇ ಸಾಕು.

ಗಾಳಿಯ ಕಡೆ ಮೂಗು ತಿರುಗಿಸಿಕೊಂಡು ಓರೆಯಾಗಿ ಬರುವುದಕ್ಕೆ ಪೈಲಟ್‌ಗಳು ಕ್ರ್ಯಾಬ್ (ಏಡಿ) ಅನ್ನುತ್ತಾರೆ. ಏಡಿನಡೆ ಅಂದೆ, ಅಮ್ಮನಿಗೆ ತಕ್ಷಣ ಹೊಳೆಯಿತು. ನೆಲ ಮುಟ್ಟುವ ಮೊದಲು ಮೂಗು ನೇರ ಮಾಡಿ, ಗಾಳಿ ಬರುವ ಕಡೆಯ ರೆಕ್ಕೆ ತಗ್ಗಿಸಬೇಕು. ಏಡಿನಡೆಯಲ್ಲೇ ಮುಟ್ಟಿದರೆ ಚಕ್ರಗಳು ಪಕ್ಕಕ್ಕೆ ಉಜ್ಜಿ ವಿಮಾನ ಎತ್ತಲೋ ಎಳೆಯುತ್ತದೆ. ನಮ್ಮ ಹುಡುಗ ಮೂಗು ನೇರ ಮಾಡಿದ, ಇಳಿದಾಯಿತು ಅಂತ ಕೈ ಸಡಿಲ ಬಿಟ್ಟ. ವೇಗ ಇಳಿದಷ್ಟೂ ಚುಕ್ಕಾಣಿಯ ಹಿಡಿತ ಕಡಿಮೆಯಾಗುತ್ತದೆ, ಗಾಳಿ ಮಾತ್ರ ಹಾಗೇ ಇರುತ್ತದೆ.

ಉಳಿದದ್ದು ಗ್ರೌಂಡ್ ಲೂಪ್, ಅಂದರೆ ನೆಲದ ಮೇಲೆ ಓಡುತ್ತಿರುವ ವಿಮಾನ ಹಿಡಿತ ತಪ್ಪಿ ಗಿರ್ರನೆ ತಿರುಗಿಬಿಡುವುದು. ಬಾಲದಲ್ಲಿ ಚಕ್ರವಿರುವ ವಿಮಾನಗಳಿಗೆ ಇದು ಜಾಸ್ತಿ. ಭಾರ ಮುಂದಿನ ಚಕ್ರಗಳ ಹಿಂದೆ ಇರುವುದರಿಂದ ಒಮ್ಮೆ ತಿರುಗಲು ಶುರುವಾದರೆ ಬಾಲವೇ ಮುಂದೆ ಬರಲು ನೋಡುತ್ತದೆ. ಗಿರಕಿ ಅನ್ನೋಣವೆಂದರೆ ಗಿರಕಿ ಸುತ್ತು ಸುತ್ತಾಗಿ ಹೊಡೆಯುವುದು, ಇದು ಎಷ್ಟೋ ಸಲ ಅರ್ಧ ಸುತ್ತಿಗೇ ರೆಕ್ಕೆ ನೆಲಕ್ಕೆ ತಾಗಿ ನಿಲ್ಲುತ್ತದೆ. ಇದಕ್ಕೆ ಬೇರೆ ಪದ ಇದೆಯೇ? ಹಾಗೇ ದೋಣಿ ನಡೆಸುವ ಮನೆಯವರು ಇದ್ದರೆ, ಪಕ್ಕದಿಂದ ತಳ್ಳುವ ಗಾಳಿಗೆ ನಿಮ್ಮ ಕಡೆ ಏನಂತಾರೆ, ದಯವಿಟ್ಟು ಬರೆಯಿರಿ.