ತಾತನ ಪೆಟ್ಟಿಗೆಯ ಸ್ಮಾರಕ ನಾಣ್ಯಗಳಿಗೆ ಬೆಲೆ ಕಟ್ಟುವುದು ಹೇಗೆ?

ಪ್ರಶ್ನೆ (ಚಿಕ್ಕಮಗಳೂರು): ನಮ್ಮ ತಾತನವರ ಪೆಟ್ಟಿಗೆಯಲ್ಲಿ 1969ರ ಗಾಂಧೀಜಿ ಚಿತ್ರವಿರುವ ಮತ್ತು 1972ರ ಹತ್ತು ರೂಪಾಯಿಯ ಬೆಳ್ಳಿ ನಾಣ್ಯಗಳು, ಇಂದಿರಾ ಗಾಂಧಿಯವರ ಐದು ರೂಪಾಯಿ ನಾಣ್ಯ ಹಾಗೂ ಕೆಲವು ವೈಷ್ಣೋದೇವಿ ನಾಣ್ಯಗಳು ಸಿಕ್ಕಿವೆ. ವೈಷ್ಣೋದೇವಿಗೆ ಲಕ್ಷಗಟ್ಟಲೆ ಬೆಲೆಯೆಂದು ಮೊಬೈಲಿನಲ್ಲಿ ನೋಡಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಹಾಸನದಿಂದ: ಮೊದಲು ಬೆಳ್ಳಿಯವನ್ನು ಬೇರೆ ಎತ್ತಿಡಿ, ಏಕೆಂದರೆ ನೀವು ಹೇಳಿದವುಗಳಲ್ಲಿ ಲೋಹದಿಂದಲೇ ಒಂದು ತಳಬೆಲೆ ಸಿಗುವುದು ಅವಕ್ಕೆ ಮಾತ್ರ. 1969ರದು 15 ಗ್ರಾಂ ತೂಗುತ್ತದೆ, ಅದರಲ್ಲಿ ಶೇ. 80 ಬೆಳ್ಳಿ, ಅಂದರೆ 12 ಗ್ರಾಂ. ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆಂದು 1972ರಲ್ಲಿ ಹೊರಟದ್ದು 22.5 ಗ್ರಾಂ ಇದ್ದರೂ ಬೆಳ್ಳಿ ಅರ್ಧಪಾಲು ಮಾತ್ರವಾದ್ದರಿಂದ 11.25 ಗ್ರಾಂಗೇ ನಿಲ್ಲುತ್ತದೆ. ಕೈಗೆ ಭಾರವಾದದ್ದೇ ಬೆಲೆಯುಳ್ಳದ್ದೆಂದು ನಂಬಿ ಹಗುರವಾದದ್ದನ್ನು ಅಗ್ಗಕ್ಕೆ ಕೊಟ್ಟುಬಿಡುವವರನ್ನು ಕಂಡಿದ್ದೇನೆ. ಬೆಳ್ಳಿ ಅಂಗಡಿಯವರು ಕರಗಿಸುವ ಲೆಕ್ಕ ಹಾಕಿ ಇನ್ನಷ್ಟು ಮುರಿದುಕೊಳ್ಳುವುದರಿಂದ, ಅಲ್ಲಿಗೆ ಹೋಗುವ ಮೊದಲು ಒಬ್ಬ ಸಂಗ್ರಾಹಕರಿಗಾದರೂ ತೋರಿಸಿ.

ಇಂದಿರಾ ಗಾಂಧಿಯವರ 1985ರ ನಾಣ್ಯ ತಾಮ್ರ-ನಿಕ್ಕಲ್ಲಿನದು. 1978ರ ಉಪಚುನಾವಣೆಯನ್ನು ನೆನೆಯುವ ನಿಮ್ಮೂರಿನವರಿಗೆ ಅದರ ಮೇಲೆ ಮಮತೆ ಇರಬಹುದು, ಆದರೆ ಕೊಳ್ಳುವವನು ನೋಡುವುದು ಅಂಚು ಸವೆದಿಲ್ಲವೇ, ಮುಖದ ಗೆರೆಗಳು ಚೂಪಾಗಿವೆಯೇ ಎಂಬುದನ್ನು. 2012ರ ವೈಷ್ಣೋದೇವಿ ನಾಣ್ಯಗಳು ಚಲಾವಣೆಗೇ ಬಂದವು. ಲಕ್ಷ ಎಂಬುದು ಯಾರೋ ಹೇಳಿದ ಬೆಲೆ, ಯಾರೂ ಕೊಟ್ಟ ಬೆಲೆಯಲ್ಲ. ಆದ್ದರಿಂದ ಹರಾಜುಗಳಲ್ಲಿ ಅದೇ ನಾಣ್ಯ ನಿಜಕ್ಕೂ ಎಷ್ಟಕ್ಕೆ ಮುಗಿಯಿತೆಂದು ಹುಡುಕಿ. ಮಾರಿಸಿಕೊಡುತ್ತೇವೆಂದು ಮೊದಲೇ ಕಮಿಷನ್ ಅಥವಾ ತೆರಿಗೆ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ತನ್ನ ಹೆಸರು ಬಳಸಿ ಹೀಗೆ ವಂಚಿಸುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲಿಯೇ ಎಚ್ಚರಿಸಿದೆ.

ಮೂಡಿಗೆರೆಯಿಂದ: ಮೇಲಿನವರು ಹೇಳಿದ್ದು ಸರಿ. ದಯವಿಟ್ಟು ಹುಣಸೆಹಣ್ಣು, ವಿಭೂತಿ ಹಚ್ಚಿ ಉಜ್ಜಬೇಡಿ. ನಮ್ಮ ಮಲೆನಾಡಿನ ತೇವಕ್ಕೆ ಬೆಳ್ಳಿ ಕಪ್ಪಾಗುವುದು ಸಹಜ, ಆ ಕಪ್ಪನ್ನು ಸಂಗ್ರಾಹಕರು ದೋಷವೆಂದು ಎಣಿಸುವುದಿಲ್ಲ. ಉಜ್ಜಿದ ಗೀರುಗಳನ್ನು ಮಾತ್ರ ಭೂತಗನ್ನಡಿಯಲ್ಲಿ ಕ್ಷಣದಲ್ಲಿ ಗುರುತಿಸಿ ಬೆಲೆ ಇಳಿಸುತ್ತಾರೆ. ಮೆತ್ತನೆಯ ಪಿ.ವಿ.ಸಿ. ಕವರಿನಲ್ಲಿ ವರ್ಷಗಟ್ಟಲೆ ಇಟ್ಟರೆ ಹಸಿರು ಜಿಗುಟು ಹಿಡಿಯುತ್ತದೆ. ಇಸವಿಯ ಕೆಳಗಿನ ಗುರುತನ್ನೂ ಬರೆದಿಟ್ಟುಕೊಳ್ಳಿ: ವಜ್ರಾಕೃತಿ ಮುಂಬೈ ಟಂಕಸಾಲೆಯದು, ನಕ್ಷತ್ರ ಹೈದರಾಬಾದಿನದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಒಂದೇ ವರ್ಷದ ನಾಣ್ಯವಾದರೂ ಟಂಕಸಾಲೆಯಿಂದ ಟಂಕಸಾಲೆಗೆ ಬೆಲೆ ಬದಲಾಗುವುದುಂಟು.