ಉರಿಯೇ ಬರದೆ ತೋಳು ಸೋಲುತ್ತಿದೆ, ಯಾರಿಗಾದರೂ ಹೀಗಾಗಿದೆಯೇ?

ಪ್ರಶ್ನೆ:
ವಯಸ್ಸು 31, ತೂಕ 68 ಕೆ.ಜಿ. ಜಿಮ್‌ಗೆ ಹೋಗತೊಡಗಿ ಎಂಟು ತಿಂಗಳಾಯಿತು. ಬೆಂಚ್ ಪ್ರೆಸ್‌ನಲ್ಲಿ (ಬೆಂಚಿನ ಮೇಲೆ ಅಂಗಾತ ಮಲಗಿ ಭಾರದ ಬಾರನ್ನು ಎದೆಯಿಂದ ಮೇಲೆತ್ತುವುದು) 50 ಕೆ.ಜಿ.ಯನ್ನು ಐದು ಸಲ ಎತ್ತುತ್ತೇನೆ, ಆರನೆಯದು ಅರ್ಧದಲ್ಲೇ ನಿಲ್ಲುತ್ತದೆ. ಒಂದು ನಿಮಿಷ ಬಿಟ್ಟು ಎರಡನೇ ಸೆಟ್‌ಗೆ ಹೋದರೆ ಮೂರೇ ಸಲ. ಆದರೆ ಎದೆಯ ಸ್ನಾಯುವಿನಲ್ಲಿ ಉರಿ ಮಾತ್ರ ಎಂದೂ ಬಂದಿಲ್ಲ. ಉರಿ ಬರದಿದ್ದರೆ ಮಾಡಿದ್ದೆಲ್ಲ ವ್ಯರ್ಥ ಎನ್ನುತ್ತಾರೆ ಜೊತೆಗಾರರು. ಏನು ಬದಲಿಸಲಿ?

ಮೈಸೂರಿನಿಂದ:
ಇದೇ ಮಾತನ್ನು ನಂಬಿ ನಾನು ಸುಮಾರು ಒಂದು ವರ್ಷ ಕಳೆದುಕೊಂಡೆ. ಉರಿ ಬರಲೆಂದು ತೂಕ ಇಳಿಸಿ, 30 ಸಲದವರೆಗೆ ಎತ್ತುತ್ತಿದ್ದೆ. ಉರಿಯೇನೋ ಬಂತು. ಆದರೆ ಮೊದಲು 60 ಕೆ.ಜಿ. ಎತ್ತುತ್ತಿದ್ದವನಿಗೆ ಕೊನೆಗೆ 50 ಕೂಡ ಭಾರವಾಯಿತು. ಆದ್ದರಿಂದ ದಯವಿಟ್ಟು ಉರಿಯ ಬೆನ್ನು ಹತ್ತಬೇಡಿ.

ಉರಿ ಹುಟ್ಟುವುದಕ್ಕೆ ಹೊತ್ತು ಬೇಕು. ಐದು ಸಲ ಎತ್ತಿ ಇಳಿಸುವುದು ಹದಿನೈದು ಇಪ್ಪತ್ತು ಸೆಕೆಂಡಿನ ಕೆಲಸ. ಆ ಅವಧಿಯಲ್ಲಿ ಸ್ನಾಯು ಶಕ್ತಿಯ ದೊಡ್ಡ ಪಾಲನ್ನು ತನ್ನಲ್ಲೇ ಕೂಡಿಟ್ಟುಕೊಂಡ ಕ್ರಿಯಾಟಿನ್ ಫಾಸ್ಫೇಟ್‌ನಿಂದ ಪಡೆಯುತ್ತದೆ. ಅದು ಬರಿದಾಗುತ್ತಿದ್ದಂತೆ ಬಲ ಕುಸಿಯುತ್ತದೆ, ಬಾರ್ ನಿಲ್ಲುತ್ತದೆ. ಸೆಟ್ ಇನ್ನೂ ಉದ್ದವಾದಾಗ ಸಕ್ಕರೆಯ ಅಂಶ ವೇಗವಾಗಿ ಒಡೆದು, ಸ್ನಾಯುವಿನೊಳಗೆ ಆಮ್ಲೀಯತೆ ಏರುತ್ತದೆ. ನಮಗೆ ಉರಿಯಾಗಿ ತಿಳಿಯುವುದು ಹೆಚ್ಚಾಗಿ ಅದೇ. ಸೋಲಿನ ಹತ್ತಿರದವರೆಗೆ ಎತ್ತಿದರೆ ಐದು ಸಲದಲ್ಲೂ ಸ್ನಾಯು ಬೆಳೆಯುತ್ತದೆ, ಇಪ್ಪತ್ತೈದರಲ್ಲೂ ಬೆಳೆಯುತ್ತದೆ.

ನಿಮ್ಮಲ್ಲಿ ತಪ್ಪಿರುವುದು ವಿಶ್ರಾಂತಿ. ಬರಿದಾದದ್ದು ಬಹುಪಾಲು ತುಂಬಲು ಮೂರು ನಿಮಿಷ ಬೇಕು, ನೀವು ಕೊಡುತ್ತಿರುವುದು ಒಂದೇ. ಗಡಿಯಾರ ನೋಡಿಯೇ ಮೂರು ನಿಮಿಷ ಕುಳಿತುಕೊಳ್ಳಿ. ತೂಕವನ್ನು 42.5ಕ್ಕೆ ಇಳಿಸಿ, ಎಂಟರಿಂದ ಹತ್ತು ಸಲ, ಮೂರು ಸೆಟ್ ಮಾಡಿ. ಇನ್ನೊಂದೆರಡು ಸಲ ಎತ್ತಬಹುದು ಎನ್ನುವಾಗಲೇ ಬಾರ್ ಇಡಿ, ಪ್ರತಿ ಸೆಟ್‌ನಲ್ಲೂ ಸೋಲುವ ಅಗತ್ಯವಿಲ್ಲ. ಮೂರೂ ಸೆಟ್ ಹತ್ತು ಮುಟ್ಟಿದ ದಿನ ಎರಡೂ ಬದಿಗೆ 1.25ರ ಪ್ಲೇಟ್ ಸೇರಿಸಿ. ಅರ್ಧದಲ್ಲಿ ನಿಂತ ಬಾರ್ ಎದೆಯ ಮೇಲೆ ಕೂರುತ್ತದೆ ಎಂಬುದು ನೆನಪಿರಲಿ. ತಲೆಯ ಬಳಿ ಒಬ್ಬರು ನಿಲ್ಲದೆ ಮಲಗಲೇಬೇಡಿ.

ಬಾಗಲಕೋಟೆಯಿಂದ:
ತಮ್ಮಾ, ನಾನು ಗರಡಿಯಲ್ಲಿ ಬೆಳೆದವನು. ನೂರು ಬಸ್ಕಿ ಹೊಡೆದರೆ ತೊಡೆ ಬೆಂಕಿಯಾಗುತ್ತದೆ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವನಿಗೆ ಯಾವ ಉರಿಯೂ ಇಲ್ಲ, ಕಲ್ಲು ಏಳುತ್ತದೆ ಇಲ್ಲವೇ ಏಳುವುದಿಲ್ಲ. ಅವನಿಗೆ ಸ್ನಾಯು ಇಲ್ಲ ಎನ್ನಲಾದೀತೇ? ನಮ್ಮ ಉಸ್ತಾದರು ಎರಡನ್ನೂ ಮಾಡಿಸುತ್ತಿದ್ದರು, ಆದರೆ ಒಂದೇ ದಿನ ಅಲ್ಲ. ನೀನೂ ವಾರಕ್ಕೆ ಒಂದು ದಿನ ಭಾರ, ಒಂದು ದಿನ ಹಗುರ ಎಂದು ಇಟ್ಟುಕೋ.

ಮಂಗಳೂರಿನಿಂದ:
ನೀವು ತೋಳು ಸೋಲುತ್ತದೆ ಎಂದಿದ್ದೀರಿ, ಉರಿಯನ್ನು ಹುಡುಕುತ್ತಿರುವುದು ಎದೆಯಲ್ಲಿ. ಮೊದಲು ಸೋಲುವುದು ಯಾವುದು ಎಂದು ಒಮ್ಮೆ ಗಮನಿಸಿ. ನನಗೆ ಬೆನ್ನಿನ ವ್ಯಾಯಾಮದಲ್ಲಿ ಬೆನ್ನು ದಣಿಯುವ ಮೊದಲೇ ಬೆರಳುಗಳ ಹಿಡಿತ ಬಿಡುತ್ತಿತ್ತು. ಹಿಡಿತಕ್ಕೆಂದು ಬಾರ್‌ಗೆ ಜೋತು ನಿಲ್ಲುವುದನ್ನು ರೂಢಿಸಿಕೊಂಡ ಮೇಲೆ ಸರಿಹೋಯಿತು. ಬೆಂಚ್ ಪ್ರೆಸ್‌ನಲ್ಲಿ ತೋಳಿನ ಹಿಂಭಾಗದ ಟ್ರೈಸೆಪ್ಸ್ ಎದೆಗಿಂತ ಮೊದಲು ಕೈಕೊಡುವುದು ತೀರಾ ಸಾಮಾನ್ಯ. ಎದೆಗೆ ಡಂಬೆಲ್ ಫ್ಲೈ (ಮಲಗಿ, ಎರಡೂ ಕೈಯಲ್ಲಿ ಡಂಬೆಲ್ ಹಿಡಿದು ತೋಳನ್ನು ಅಗಲಿಸಿ ಮತ್ತೆ ಕೂಡಿಸುವುದು) ಸೇರಿಸಿ ನೋಡಿ.

ಫಿಸಿಯೋಥೆರಪಿ ಮಾಡುವವಳಾಗಿ ಒಂದು ಮಾತು:
ಭಾರ ಹೆಚ್ಚಿದಾಗ ಬಲ ಸಾಲದಿರುವುದು ಸಹಜ. ಒಂದೇ ಕೈ ಸೋಲುತ್ತಿದ್ದರೆ, ಜೋಮು ಹಿಡಿದರೆ, ಮನೆಯಲ್ಲಿ ಬಿಂದಿಗೆ ಎತ್ತುವಾಗಲೂ ಬಲ ಇಲ್ಲದಿದ್ದರೆ ವೈದ್ಯರಿಗೆ ತೋರಿಸಿ. ಕಠಿಣ ವ್ಯಾಯಾಮದ ನಂತರ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ ಕೇಳಿದವನು, ಐದು ವಾರಗಳ ನಂತರ:
ಎಲ್ಲರಿಗೂ ಕೃತಜ್ಞತೆ. ಮೊದಲ ದಿನ 42.5 ಕೆ.ಜಿ.ಯಲ್ಲಿ 9, 8, 6 ಆಗಿತ್ತು. ನಿನ್ನೆ ಮೂರೂ ಸೆಟ್ ಹತ್ತು ಮುಟ್ಟಿದವು. ಮೊದಲು ಸೋಲುತ್ತಿದ್ದದ್ದು ಟ್ರೈಸೆಪ್ಸ್ ಎಂಬುದೂ ನಿಜವಾಯಿತು. ಫ್ಲೈ ಮಾಡುವಾಗ ಹದಿನೈದನೆಯದರ ಹೊತ್ತಿಗೆ ಎದೆ ಉರಿಯುತ್ತದೆ, ಬೆಂಚ್‌ನಲ್ಲಿ ಈಗಲೂ ಇಲ್ಲ. ಸೋಮವಾರ 45 ಹಾಕುತ್ತೇನೆ. ತಲೆಯ ಬಳಿ ನಿಲ್ಲಲು ಜೊತೆಗಾರನೊಬ್ಬ ಒಪ್ಪಿದ್ದಾನೆ.