ಶರತ್ತು, ಕೂಟ, ಪೊಗದಿ: ಮೈಸೂರನ್ನು ಆಳುವ ಆಟದಲ್ಲಿ ‘ಸ್ಥಿರತೆ’ ಎಂದರೇನು?

ಆಟದಂಗಳ:
ನಾವು ಕೆಲವು ಗೆಳೆಯರು ಸೇರಿ ಕಟ್ಟುತ್ತಿರುವ ರಾಜ್ಯಾಡಳಿತದ ಆಟವು ಮೂರನೆಯ ಕೃಷ್ಣರಾಜ ಒಡೆಯರ ಮೈಸೂರಿನಲ್ಲಿ ನಡೆಯುತ್ತದೆ. ದಿವಾನ್ ಪೂರ್ಣಯ್ಯನವರು ಅಧಿಕಾರದಿಂದ ಹಿಂದೆ ಸರಿದ 1811ರಲ್ಲಿ ಆಟ ಶುರುವಾಗುತ್ತದೆ. 1831ರ ಅಕ್ಟೋಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತಲ್ಲ, ಆ ದಿನ ಬಾರದಂತೆ ನೋಡಿಕೊಳ್ಳುವುದೇ ಆಟಗಾರನ ಗುರಿ. ಈಗಿನ ಕರಡಿನಲ್ಲಿ ಸ್ಥಿರತೆಯು 0ಯಿಂದ 100ರವರೆಗಿನ ಒಂದೇ ಅಂಕಿ. ಕಂದಾಯ ಹೆಚ್ಚಿಸಿದರೆ ಅದು ಇಳಿಯುತ್ತದೆ. ಕೆರೆ ದುರಸ್ತಿ, ದತ್ತಿ, ದಸರಾ ಉತ್ಸವಗಳಿಂದ ಏರುತ್ತದೆ. 20ಕ್ಕಿಂತ ಕೆಳಗಿಳಿದರೆ ದಂಗೆ ಏಳುತ್ತದೆ. ಪರೀಕ್ಷೆಗೆ ಆಡಿದವರೆಲ್ಲರೂ ಉತ್ಸವಗಳಿಗೆ ಹಣ ಸುರಿದು ಆಟವನ್ನು ಸುಲಭವಾಗಿ ಗೆಲ್ಲುತ್ತಿದ್ದಾರೆ. ಇದನ್ನು ಹೇಗೆ ಸರಿಪಡಿಸಬೇಕು ಎಂಬ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮಲೆಸೀಮೆ:
ಉತ್ಸವದ ಬೆಲೆಯನ್ನು ಏರಿಸಿದರೆ ಇದು ಸರಿಹೋಗುವುದಿಲ್ಲ. ಒಂದೇ ಅಂಕಿ ಇರುವುದೇ ತೊಂದರೆ, ಅದರಲ್ಲೂ ಅರಮನೆಯಲ್ಲಿ ಕುಳಿತ ಅರಸನಿಗೆ ಆ ಅಂಕಿ ಸದಾ ನಿಖರವಾಗಿ ತಿಳಿದಿರುತ್ತದೆ ಎಂದು ನಿಮ್ಮ ಕರಡು ಭಾವಿಸಿರುವುದು ಇನ್ನೂ ದೊಡ್ಡ ತೊಂದರೆ.

ಆಗಿನ ಮೈಸೂರು ಬೆಂಗಳೂರು, ಮದ್ದಗಿರಿ, ಚಿತ್ರದುರ್ಗ, ಅಷ್ಟಗ್ರಾಮ, ಮಂಜರಾಬಾದ್, ನಗರ (ಮಲೆನಾಡಿನ ಬಿದನೂರು ಸೀಮೆ) ಎಂಬ ಆರು ಫೌಜುದಾರಿಗಳಾಗಿ, ಅಂದರೆ ಒಬ್ಬೊಬ್ಬ ಫೌಜುದಾರನ ಕೈಕೆಳಗಿನ ವಿಭಾಗಗಳಾಗಿ ಹಂಚಿಹೋಗಿತ್ತು. ಕಂದಾಯದ ವಸೂಲಿಯಲ್ಲಿ ಶರತ್ತು ಪದ್ಧತಿ ಬಳಕೆಯಲ್ಲಿತ್ತು, ಅಂದರೆ ತನ್ನ ಸೀಮೆಯಿಂದ ಇಂತಿಷ್ಟು ಹಣ ತಂದುಕೊಡುತ್ತೇನೆಂದು ಅಧಿಕಾರಿಯು ಮುಂಚೆಯೇ ಒಪ್ಪಿಕೊಳ್ಳುತ್ತಿದ್ದ, ಕಡಿಮೆ ಬಿದ್ದರೆ ಅದನ್ನು ಅವನೇ ತುಂಬಿಕೊಡಬೇಕಿತ್ತು. ಈ ಏರ್ಪಾಡು ಅರಸನಿಗೆ ಏನು ಕೊಡುತ್ತದೆ, ಅವನಿಂದ ಏನನ್ನು ಕಸಿಯುತ್ತದೆ ಎಂದು ಯೋಚಿಸಿ. ಬೊಕ್ಕಸಕ್ಕೆ ನಿಶ್ಚಿತ ಆದಾಯ ಸಿಗುತ್ತದೆ. ಆದರೆ ಮಳೆ ಕೈಕೊಟ್ಟ ವರ್ಷದಲ್ಲೂ ಮೊತ್ತ ಬದಲಾಗದೆ ಬರುವುದರಿಂದ, ಹಳ್ಳಿಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ತಿಳಿಸಬಹುದಾಗಿದ್ದ ಒಂದೇ ಒಂದು ಲೆಕ್ಕವೂ ಮಾತನಾಡುವುದನ್ನು ನಿಲ್ಲಿಸುತ್ತದೆ. 1820ರ ದಶಕದಲ್ಲಿ ಧಾನ್ಯದ ಬೆಲೆ ಕುಸಿದಾಗ, ನಗದಿನಲ್ಲಿ ಅಷ್ಟೇ ಕಂದಾಯ ಕಟ್ಟಲು ರೈತನು ಹೆಚ್ಚು ಧಾನ್ಯ ಮಾರಬೇಕಾಯಿತು. ಮೈಸೂರಿನ ಲೆಕ್ಕದ ಪುಸ್ತಕದಲ್ಲಿ ಅದು ಕಾಣಿಸುವಂತಿರಲಿಲ್ಲ. ಆಟದಲ್ಲಿ ಶರತ್ತು ಪದ್ಧತಿಯನ್ನು ಆರಿಸಿಕೊಂಡವನಿಗೆ ಆದಾಯದ ಭರವಸೆ ಕೊಡಿ, ಪ್ರತಿಯಾಗಿ ಆ ಫೌಜುದಾರಿಯ ನಿಜಸ್ಥಿತಿಯನ್ನು ಮರೆಮಾಡಿ. ಸ್ಥಿರತೆಯ ಇಡೀ ವಿನ್ಯಾಸವನ್ನು ಈ ಒಂದು ವಿನಿಮಯದ ಮೇಲೆ ನಿಲ್ಲಿಸಬಹುದು.

ಲೆಕ್ಕಿಗ:
ಮಲೆಸೀಮೆಯವರು ಹೇಳಿದ ಇತಿಹಾಸದ ಬಗ್ಗೆ ನನಗೆ ತಕರಾರಿಲ್ಲ, ಆದರೆ ಅದನ್ನು ಆಟದ ನಿಯಮವನ್ನಾಗಿ ಮಾಡುವ ಬಗೆಯನ್ನು ನಾನು ಒಪ್ಪಲಾರೆ. ಆಟಗಾರನಿಂದ ಅಂಕಿಯನ್ನು ಬಚ್ಚಿಟ್ಟು, ಹಲವು ಗಂಟೆಗಳ ನಂತರ ‘ನಗರದಲ್ಲಿ ದಂಗೆ ಎದ್ದಿದೆ’ ಎಂದು ತಿಳಿಸಿದರೆ, ತಾನು ತಪ್ಪು ನಿರ್ಧಾರ ಮಾಡಿದೆ ಎಂದು ಅವನಿಗೆ ಅನಿಸುವುದಿಲ್ಲ, ಆಟವೇ ತನಗೆ ಮೋಸ ಮಾಡಿತು ಎನಿಸುತ್ತದೆ. ಯೂರೋಪಾ ಯೂನಿವರ್ಸಾಲಿಸ್ ಎಂಬ ಕಂಪ್ಯೂಟರ್ ಆಟದ ನಾಲ್ಕನೆಯ ಆವೃತ್ತಿಯಲ್ಲಿ ಸ್ಥಿರತೆಯು ಋಣ 3ರಿಂದ ಧನ 3ರವರೆಗಿನ ಸರಳ ಅಳತೆಯಾಗಿದ್ದು, ಆಡಳಿತದ ಅಂಕಗಳನ್ನು ಖರ್ಚು ಮಾಡಿ ಅದನ್ನು ಏರಿಸಿಕೊಳ್ಳಬಹುದು. ರಾಜಕೀಯದ ಚಿತ್ರವಾಗಿ ಅದು ಒರಟು ಎಂಬುದು ನಿಜ. ಆದರೂ ಯಾವ ಕಾರಣಕ್ಕೆ ಎಷ್ಟು ಇಳಿಯಿತು ಎಂಬುದು ಆಟಗಾರನಿಗೆ ಆ ಕ್ಷಣವೇ ತಿಳಿಯುತ್ತದೆ. ಕಾರ್ಯ ಮತ್ತು ಪರಿಣಾಮದ ನಡುವಿನ ಈ ನಂಟು ಕಡಿದುಹೋದರೆ ತಂತ್ರದ ಆಟದಲ್ಲಿ ತಂತ್ರಕ್ಕೆ ಜಾಗವೇ ಇರುವುದಿಲ್ಲ.

ಮಲೆಸೀಮೆ:
ಬಚ್ಚಿಡಬೇಕೆಂದು ನಾನು ಹೇಳಿದ್ದು, ತಿಳಿದುಕೊಳ್ಳುವ ದಾರಿಯನ್ನೂ ಮುಚ್ಚಬೇಕೆಂಬ ಅರ್ಥದಲ್ಲಿ ಅಲ್ಲ. ಪ್ರತಿಯೊಂದು ಅಂಕಿಯ ಪಕ್ಕದಲ್ಲಿ ಅದನ್ನು ಯಾರು ಹೇಳಿದರು, ಯಾವಾಗ ಹೇಳಿದರು ಎಂದು ನಮೂದಿಸಿ. ‘ನಗರ ಫೌಜುದಾರಿ ಶಾಂತವಾಗಿದೆ, ಫೌಜುದಾರರ ವರದಿ, ಎಂಟು ತಿಂಗಳ ಹಿಂದಿನದು’ ಎಂದಿದ್ದರೆ ಅಲ್ಲಿ ಯಾವ ಮೋಸವೂ ಇಲ್ಲ. ಎಷ್ಟು ನಂಬಬೇಕೆಂಬ ನಿರ್ಧಾರ ಆಟಗಾರನದು. ಅದರ ಜೊತೆಗೆ ಬೇರೆ ಸುಳಿವುಗಳನ್ನೂ ಇಡಿ: ಬೀಳುಬಿದ್ದ ಜಮೀನು, ಸಂತೆಯಲ್ಲಿನ ಅಕ್ಕಿಯ ಬೆಲೆ, ಗಡಿ ದಾಟಿ ಹೋದ ಕುಟುಂಬಗಳು, ಅರಮನೆಯ ಬಾಗಿಲಿಗೆ ಬಂದ ಅರ್ಜಿಗಳು. ಫೌಜುದಾರನ ವರದಿಯೂ ಈ ಸುಳಿವುಗಳೂ ಒಂದಕ್ಕೊಂದು ತಾಳೆಯಾಗದಿದ್ದಾಗ ಅನುಮಾನಪಡುವುದೇ ಆಳುವವನ ಕೆಲಸ, ಮತ್ತು ನನ್ನ ಮಟ್ಟಿಗೆ ಆಟದ ಅತ್ಯಂತ ರುಚಿಕರವಾದ ಕೆಲಸವೂ ಅದೇ.

ಕಡತಪ್ರಿಯ:
ಇಬ್ಬರೂ ದಂಗೆಯನ್ನೇ ಸೋಲು ಎಂದು ಭಾವಿಸಿ ವಾದಿಸುತ್ತಿದ್ದೀರಿ. ಮೈಸೂರು ಅಧಿಕಾರ ಕಳೆದುಕೊಂಡದ್ದು 1830-31ರ ನಗರದ ರೈತರ ದಂಗೆಯಿಂದಲ್ಲ, ದಂಗೆಯನ್ನು ಕಂಪನಿಯು ಓದಿಕೊಂಡ ರೀತಿಯಿಂದ.

ಕಂಪನಿಯೊಂದಿಗಿನ 1799ರ ಒಪ್ಪಂದದ ಪ್ರಕಾರ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡಗಳ, ಅಂದರೆ ಸುಮಾರು 24.5 ಲಕ್ಷ ರೂಪಾಯಿಗಳ ಪೊಗದಿಯನ್ನು (ಕಪ್ಪವನ್ನು) ಕಂಪನಿಗೆ ಕೊಡಬೇಕಿತ್ತು. 1807ರ ಪೂರಕ ಒಪ್ಪಂದದಿಂದ 4,000 ಕುದುರೆ ಸವಾರರನ್ನು ಸಾಕುವ ಹೊಣೆಯೂ ಸೇರಿತು. ಪೊಗದಿಯ ಹಣಕ್ಕೆ ಕುತ್ತು ಬರಬಹುದೆಂದು ಗವರ್ನರ್ ಜನರಲ್ ಶಂಕಿಸಿದರೆ ಸಂಸ್ಥಾನದ ಆಡಳಿತವನ್ನು ವಹಿಸಿಕೊಳ್ಳಲು 1799ರ ಒಪ್ಪಂದವೇ ಅವಕಾಶ ಮಾಡಿಕೊಟ್ಟಿತ್ತು. ಹಣ ನಿಲ್ಲಬೇಕೆಂದಿಲ್ಲ, ನಿಲ್ಲಬಹುದೆಂಬ ಶಂಕೆ ಹುಟ್ಟಿದರೆ ಸಾಕು. 1831ರಲ್ಲಿ ಪೊಗದಿಗೆ ತಕ್ಷಣದ ಅಪಾಯವೇನೂ ಇರಲಿಲ್ಲವೆಂದು ಅಧಿಕಾರ ಕಿತ್ತುಕೊಂಡ ಗವರ್ನರ್ ಜನರಲ್ ಬೆಂಟಿಂಕ್ ಅವರೇ ಆಮೇಲೆ ಬರೆದರು, ಸಂಸ್ಥಾನದ ಒಂದು ಭಾಗವನ್ನು ಅರಸರಿಗೆ ಹಿಂದಿರುಗಿಸುವ ಸಲಹೆಯನ್ನೂ ಕೊಟ್ಟರು. ಲಂಡನ್ನಿನ ನಿರ್ದೇಶಕ ಮಂಡಳಿ ಅದನ್ನು ಒಪ್ಪಲಿಲ್ಲ. ಕೃಷ್ಣರಾಜ ಒಡೆಯರು 1868ರಲ್ಲಿ ತೀರಿಕೊಳ್ಳುವವರೆಗೂ ಅಧಿಕಾರ ಮರಳಿ ಬರಲಿಲ್ಲ.

ಇನ್ನೊಂದು ಸಂಗತಿಯನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಅದೇ 1830-31ರಲ್ಲಿ ಕಂಪನಿಯ ನೇರ ಆಡಳಿತದಲ್ಲಿದ್ದ ಕರಾವಳಿಯ ಕೆನರಾ ಜಿಲ್ಲೆಯಲ್ಲೂ ರೈತರು ಕಂದಾಯದ ವಿರುದ್ಧ ಕೂಟ ಕಟ್ಟಿದ್ದರು. ಅಲ್ಲಿ ಅದು ಆಡಳಿತ ಬಗೆಹರಿಸಬೇಕಾದ ಒಂದು ಸಮಸ್ಯೆಯಾಯಿತು. ಘಟ್ಟದ ಮೇಲಿನ ಮೈಸೂರಿನಲ್ಲಿ ಅಂಥದೇ ಕೂಟವು ಅರಸನ ಅಯೋಗ್ಯತೆಗೆ ಸಾಕ್ಷಿಯಾಯಿತು. ಆದ್ದರಿಂದ ನಿಮ್ಮ ಆಟಕ್ಕೆ ಎರಡು ಬೇರೆ ಅಳತೆಗಳು ಬೇಕು: ಪ್ರಜೆಗಳಲ್ಲಿರುವ ಅಸಮಾಧಾನ ಒಂದು, ರೆಸಿಡೆಂಟನ, ಅಂದರೆ ಮೈಸೂರಿನಲ್ಲಿದ್ದ ಕಂಪನಿಯ ಪ್ರತಿನಿಧಿಯ ಮೂಲಕ ಕಂಪನಿಯಲ್ಲಿ ಬೆಳೆಯುವ ಅಪನಂಬಿಕೆ ಇನ್ನೊಂದು. ಇವೆರಡೂ ಒಟ್ಟಿಗೆ ಏರಿಳಿಯಬೇಕಾಗಿಲ್ಲ. ಸೈನ್ಯ ಕಳುಹಿಸಿ ಕೂಟವನ್ನು ಚದುರಿಸಿದರೆ ಕಂಪನಿಗೆ ಸಮಾಧಾನವಾಗಿ ಪ್ರಜೆಗಳು ದೂರವಾಗಬಹುದು. ಸೈನ್ಯ ಸಾಲದೆ ಕಂಪನಿಯ ದಂಡನ್ನು ಕರೆಸಿಕೊಂಡರೆ ಕೂಟ ಚದುರಿದರೂ ಅಪನಂಬಿಕೆ ಏರಬೇಕು.

ಆಟದಂಗಳ:
ಎರಡು ಅಳತೆಗಳ ಸಲಹೆಯನ್ನು ಪೂರ್ತಿಯಾಗಿ ಸ್ವೀಕರಿಸುತ್ತೇವೆ. ವರದಿಗೆ ವರದಿಗಾರನ ಹೆಸರನ್ನೂ ದಿನವನ್ನೂ ಜೋಡಿಸುವುದರಿಂದ ಲೆಕ್ಕಿಗರ ಆಕ್ಷೇಪಕ್ಕೆ ಬಹುಪಾಲು ಉತ್ತರ ಸಿಗುತ್ತದೆ ಎಂದುಕೊಂಡಿದ್ದೇನೆ. ಈಗ ನನ್ನ ಪ್ರಶ್ನೆ ಕೂಟದ ಬಗ್ಗೆ. ಅದನ್ನು ದಂಗೆಯ ಮೊದಲ ಹಂತವೆಂದು ತೋರಿಸುವುದೇ, ಅಥವಾ ಬೇರೆಯೇ ಘಟನೆಯೆಂದೇ?

ಮಲೆಸೀಮೆ:
ಬೇರೆಯೇ ಘಟನೆಯೆಂದು ತೋರಿಸಿ, ದಯವಿಟ್ಟು. ರೈತರು ಊರು ಬಿಟ್ಟು ಒಂದೆಡೆ ಸೇರಿ, ತಮ್ಮ ಅಹವಾಲು ಕೇಳುವವರೆಗೂ ಕಂದಾಯ ಕಟ್ಟುವುದಿಲ್ಲ ಎಂದು ಕುಳಿತುಕೊಳ್ಳುವುದು ಯುದ್ಧವಲ್ಲ. ಅದು ಅರಸನೊಂದಿಗೆ ಮಾತಿಗೆ ಕುಳಿತುಕೊಳ್ಳುವ ಅವರ ರೀತಿ. ಹೀಗಾಗಿ ಕೂಟ ಸೇರಿದ ಮೇಲೆ ಆಟಗಾರನಿಗೆ ಕೆಲವು ತಿಂಗಳುಗಳ ಅವಕಾಶವಿರಲಿ. ಬಾಕಿ ಮನ್ನಾ ಮಾಡಬಹುದು, ಫೌಜುದಾರನನ್ನು ಬದಲಿಸಬಹುದು, ತಾನೇ ಹೊರಟು ಅಹವಾಲು ಕೇಳಬಹುದು, ಬಲ ಪ್ರಯೋಗಿಸಬಹುದು. ಫೌಜುದಾರನನ್ನು ಬದಲಿಸುವುದೂ ಸುಲಭದ ಮದ್ದಾಗಬಾರದು, ಏಕೆಂದರೆ ಕುರ್ಚಿ ಕಳೆದುಕೊಂಡವನ ಬಂಧುಬಳಗ ಅಲ್ಲೇ ಉಳಿಯುತ್ತದೆ. ನಗರದಲ್ಲಿ ಹಳೆಯ ಅಧಿಕಾರಿವರ್ಗದವರೇ ಹೊಸ ಫೌಜುದಾರನ ವಿರುದ್ಧ ರೈತರಿಗೆ ಕುಮ್ಮಕ್ಕು ಕೊಟ್ಟರು ಎಂಬ ವಿವರಣೆಯೂ ಇದೆ.

ಅವಕಾಶ ಮುಗಿದ ಮೇಲಷ್ಟೇ ಹಕ್ಕುದಾರನು ಕಾಣಿಸಿಕೊಳ್ಳಬೇಕು. ಬೂದಿ ಬಸವಪ್ಪನೆಂದು ಹೆಸರಾದ ಸಾದರಮಲ್ಲ ತಾನು ಕೆಳದಿ ಅರಸರ ವಾರಸುದಾರನೆಂದು ಹೇಳಿಕೊಂಡು ಕೂಟಗಳ ಬೆಂಬಲ ಪಡೆದ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು ಹೈದರಾಲಿ ಗೆದ್ದದ್ದು 1763ರಲ್ಲಿ; ಅಂದರೆ ಅರವತ್ತು ವರ್ಷಗಳಿಗೂ ಹಿಂದೆ ಅಳಿದ ಮನೆತನವೊಂದು ಹೆಸರಿನಲ್ಲಿ ಇನ್ನೂ ಬದುಕಿತ್ತು. ಆದ್ದರಿಂದ ಪ್ರತಿ ಸೀಮೆಗೂ ಹಿಂದಿನ ಆಳ್ವಿಕೆಯ ನೆನಪು ಎಂಬ ಗುಣವಿರಲಿ. ತಾನಾಗಿ ಅದು ಯಾವ ಹಾನಿಯನ್ನೂ ಮಾಡದು, ಕೇಳಿಸಿಕೊಳ್ಳದ ಕೂಟಕ್ಕೆ ನಾಯಕನೊಬ್ಬನನ್ನು ಒದಗಿಸುತ್ತದೆ. ಮಲೆನಾಡಿನ ನಗರದಲ್ಲಿ ಅದು ಗಾಢವಾಗಿರಲಿ, ಒಡೆಯರ ಹಳೆಯ ನೆಲವಾದ ಅಷ್ಟಗ್ರಾಮದಲ್ಲಿ ಇಲ್ಲವೆಂಬಷ್ಟು ತೆಳುವಾಗಿರಲಿ.

ಹೊಂಗೆ:
ಸರ್ಕಾರದ ಸ್ವರೂಪವನ್ನು ಬದಲಿಸುವ ಬಗ್ಗೆ ಯಾರೂ ಮಾತನಾಡಿಲ್ಲ. ಒಡೆಯರ ಮನೆತನಕ್ಕೆ ಅಧಿಕಾರ ಮರಳಿದ 1881ರಲ್ಲೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ಮೊದಲ ಸಭೆಯ 144 ಸದಸ್ಯರಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಸರ್ಕಾರದ ಲೆಕ್ಕ ಕೇಳುವುದು, ತಮ್ಮ ತಾಲ್ಲೂಕಿನ ಕುಂದುಕೊರತೆಗಳನ್ನು ಮುಂದಿಡುವುದು ಇಷ್ಟೇ ಅವರ ಪಾಲು. ಆದರೆ ಈ ಚರ್ಚೆಯ ಬೆಳಕಿನಲ್ಲಿ ನೋಡಿದರೆ ಅದೇನೂ ಸಣ್ಣ ಸಂಗತಿಯಲ್ಲ: ಅಮಲ್ದಾರನ (ತಾಲ್ಲೂಕಿನ ಕಂದಾಯ ಅಧಿಕಾರಿಯ) ಕೈಯಿಂದ ಹಾದುಹೋಗದೆ ಸುದ್ದಿಯು ಅರಸನನ್ನು ಮುಟ್ಟುವ ದಾರಿಯೊಂದು ತೆರೆಯಿತು. ಆಟಗಾರನು ಇಂಥ ಸಭೆಯನ್ನು 1815ರಲ್ಲೇ ಕರೆಯಲು ಸಾಧ್ಯವಾಗಬೇಕು ಎಂದು ನಾನು ಒತ್ತಾಯಿಸುತ್ತೇನೆ. ಇತಿಹಾಸದಲ್ಲಿ ನಡೆಯದಿದ್ದುದನ್ನು ಪ್ರಯತ್ನಿಸಿ ನೋಡಲಿಕ್ಕೇ ಅಲ್ಲವೇ ಇಂಥ ಆಟ ಇರುವುದು?

ಕಡತಪ್ರಿಯ:
ನಾನು ಇದನ್ನು ವಿರೋಧಿಸುತ್ತೇನೆ. 1881ರ ಸಭೆಯ ಹಿಂದೆ ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರ್ ಆಡಳಿತ, ತಾಲ್ಲೂಕು ಕಚೇರಿಗಳ ಕಟ್ಟುಪಾಡು, 1876-78ರ ಭೀಕರ ಕ್ಷಾಮದ ಅನುಭವ ಎಲ್ಲವೂ ಇದ್ದವು. ಇವೊಂದೂ ಇಲ್ಲದ 1815ರಲ್ಲಿ ಗುಂಡಿಯೊಂದನ್ನು ಒತ್ತಿದೊಡನೆ ಸಭೆ ಹುಟ್ಟುವುದಾದರೆ, ಅದು ಉತ್ಸವಗಳಿಗೆ ಹಣ ಸುರಿದು ಗೆಲ್ಲುವುದಕ್ಕಿಂತ ಬೇರೆಯೇನಲ್ಲ. ಪ್ರಜೆಗಳ ಸಭೆ ಸೇರಿಸುವ ಅರಸನನ್ನು ಆಗಿನ ರೆಸಿಡೆಂಟ್ ಹೇಗೆ ನೋಡುತ್ತಿದ್ದ ಎಂಬುದನ್ನೂ ಯೋಚಿಸಬೇಕು.

ಹೊಂಗೆ:
ಹಾಗಾದರೆ ಅದಕ್ಕೆ ತಕ್ಕ ಬೆಲೆಯಿಡಿ, ಬಾಗಿಲನ್ನೇ ಮುಚ್ಚಬೇಡಿ. ಮೊದಲು ಒಂದು ಫೌಜುದಾರಿಯಲ್ಲಿ ಶರತ್ತನ್ನು ಕೈಬಿಟ್ಟು ಅಮಾನಿಗೆ, ಅಂದರೆ ಸರ್ಕಾರದ ನೇರ ವಸೂಲಿಗೆ ತರಬೇಕು. ಮಳೆ ಕೈಕೊಟ್ಟ ವರ್ಷದ ನಷ್ಟವನ್ನು ಬೊಕ್ಕಸವೇ ಹೊರಬೇಕು. ಆನಂತರವೇ ಆ ಫೌಜುದಾರಿಯ ಗೌಡರನ್ನೂ ವರ್ತಕರನ್ನೂ ದಸರಾಕ್ಕೆ ಕರೆಸಿ ಕೇಳುವ ಅವಕಾಶ ಸಿಗಬೇಕು.

ಲೆಕ್ಕಿಗ:
ಈ ರೂಪದಲ್ಲಾದರೆ ನನ್ನ ಬೆಂಬಲವಿದೆ, ಏಕೆಂದರೆ ಪೊಗದಿಯ 24.5 ಲಕ್ಷವು ಕದಲದೆ ನಿಂತಿರುವಾಗ ಆದಾಯವನ್ನು ಅನಿಶ್ಚಿತಗೊಳಿಸಿಕೊಳ್ಳುವುದು ನಿಜವಾದ ಎದೆಗಾರಿಕೆಯ ಆಯ್ಕೆ. ಆದರೆ ಸಭೆಗೆ ಇನ್ನೊಂದು ಪರಿಣಾಮವೂ ಇರಬೇಕು. ಕೇಳಿಸಿಕೊಂಡ ದೂರನ್ನು ಎರಡು ವರ್ಷಗಳೊಳಗೆ ಪರಿಹರಿಸದಿದ್ದರೆ, ಕೇಳದೇ ಇದ್ದುದಕ್ಕಿಂತ ಹೆಚ್ಚಿನ ಅಸಮಾಧಾನ ಹುಟ್ಟಲಿ. ಅರಸನಿಗೆ ಗೊತ್ತಿರಲಿಲ್ಲ ಎಂಬ ನಂಬಿಕೆಯು ಪ್ರಜೆಗಳಲ್ಲಿ ಇರುವವರೆಗೆ ಕೋಪವೆಲ್ಲ ಅಮಲ್ದಾರನ ಮೇಲೆ ಹೋಗುತ್ತದೆ. ಸಭೆ ಸೇರಿಸಿದ ಮೇಲೆ ಆ ರಕ್ಷಣೆ ಇರುವುದಿಲ್ಲ.

ಆಟದಂಗಳ:
ಹಾಗಿದ್ದರೆ ಮುಂದಿನ ಕರಡಿನಲ್ಲಿ ನಗರ ಮತ್ತು ಅಷ್ಟಗ್ರಾಮ ಎರಡನ್ನೇ ಈ ನಿಯಮಗಳೊಂದಿಗೆ ಕಟ್ಟಿ ಆಡಿಸಿ ನೋಡುತ್ತೇವೆ. ಸಭೆಯಲ್ಲಿ ದಾಖಲಾದ ದೂರುಗಳು ರೆಸಿಡೆಂಟನ ಕಣ್ಣಿಗೂ ಬೀಳಬೇಕೇ ಎಂಬುದನ್ನು ಇನ್ನೂ ತೀರ್ಮಾನಿಸಿಲ್ಲ.

ಕಡತಪ್ರಿಯ:
ಖಂಡಿತವಾಗಿ ಬೀಳಬೇಕು. ಅರಸನು ತನ್ನ ರಾಜ್ಯವನ್ನು ತಿಳಿದುಕೊಳ್ಳಲು ಬರೆಸಿದ ಕಡತವೇ ಅವನ ವಿರುದ್ಧ ಕಲ್ಕತ್ತೆಗೆ ಹೋಗಬಹುದೆಂಬ ಅಳುಕು ಇಲ್ಲದಿದ್ದರೆ, ಆಟಗಾರನು ಆಳುತ್ತಿರುವುದು ಒಂದು ಸ್ವತಂತ್ರ ರಾಜ್ಯವನ್ನೇ ಹೊರತು 1799ರ ನಂತರದ ಮೈಸೂರನ್ನಲ್ಲ.